ಜಾಕೆಟ್ ಹಾಕಿಕೊಂಡು ತೆಗೆದ ನೀರು

ಬಾವಿ ನೀರು ತುಂಬಿದ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಾಗ ನನ್ನದೇ ತೋಳು ಕಣ್ಣಿಗೆ ಬಿತ್ತು. ಮಳೆ ಜಾಕೆಟ್ ಹಾಕಿಕೊಂಡೇ ಇದ್ದೆ.

ಸ್ವೀಡನ್ನಿನ ಕಾರ್ಲ್‌ಸ್ಕ್ರೂನಾ ಬಳಿಯ ನಮ್ಮ ದ್ವೀಪದಲ್ಲಿ, ಬೆಂಕಿ ಆರಿಸುವ ನೊರೆಯ ರಾಸಾಯನಿಕ ಬಾವಿಗಳಿಗೆ ಸೇರಿದೆಯೇ ಎಂದು ನಿವಾಸಿಗಳಾದ ನಾವೇ ಪರೀಕ್ಷಿಸುತ್ತಿದ್ದೆವು. ನೀರು ಹಿಡಿಯದ ಜಾಕೆಟ್‌ಗಳಲ್ಲೂ ಅದೇ ಜಾತಿಯ ರಾಸಾಯನಿಕ ಇರಬಹುದು. ಅದು ನೀರಿಗೂ ಸೇರಿಬಿಡಬಹುದಾದ್ದರಿಂದ ಅಂಥ ಜಾಕೆಟ್ ಹಾಕಿಕೊಂಡು ಮಾದರಿ ತೆಗೆಯಬಾರದು. ಬೆಳಿಗ್ಗೆ ಫಿಕಾ ಎಂದು ಎಲ್ಲರೂ ಕಾಫಿಗೆ ಕೂತಾಗ ಆ ನಿಯಮ ಓದಿ ಹೇಳಿದವನು ನಾನೇ.

ಅದು ಲ್ಯಾಬು ಕೊಟ್ಟಿದ್ದರಲ್ಲಿ ಕೊನೆಯ ಬಾಟಲಿ. ಲ್ಯಾಬಿನ ಕಡೆಗೆ ದೋಣಿ ಹೊರಡಲು ಹತ್ತು ನಿಮಿಷವಿತ್ತು. ಬಾವಿಯ ಒಡತಿ ಇಂಗ್ರಿಡ್ ಎದುರಿಗೇ ನಿಂತಿದ್ದರು. ಅವರ ಮಗಳು ಹಸುಗೂಸಿನೊಂದಿಗೆ ಇಲ್ಲೇ ಬಂದು ನೆಲೆಸುವವಳಿದ್ದಳು. ಲೇಬಲ್ ಬರೆಯುತ್ತಿದ್ದ ಮೈಸೂರಿನ ಸಂಶೋಧಕಿ ಶ್ರುತಿಗೆ ಜಾಕೆಟ್ಟಿನ ವಿಷಯ ಕನ್ನಡದಲ್ಲಿ ಪಿಸುಗುಟ್ಟಿದೆ.

"ಏನ್ ಗುರೂ, ರೂಲ್ಸ್ ಓದಿದ್ದು ನೀನೇ, ಮುರಿಯೋದೂ ನೀನೇನಾ? ಈ ಸ್ಯಾಂಪಲ್ ವೇಸ್ಟು. ಅವ್ರಿಗೆ ನೀನೇ ಹೇಳು," ಎಂದಳು.

ಹೇಳಿದೆ. ಇಂಗ್ರಿಡ್ ಬಾಟಲಿ ಕಿತ್ತುಕೊಂಡು ನೀರನ್ನು ಹುಲ್ಲಿಗೆ ಸುರಿದರು. "ಪಟ್ಟಿಯಲ್ಲಿ ನನ್ನ ಮನೆ ಎದುರು 'ಗೊತ್ತಿಲ್ಲ' ಅಂತ ಬರಿ. ಸುಳ್ಳು ಉತ್ತರ ನಂಬಿ ಮಗಳಿಗೆ ಬರಬೇಡ ಅನ್ನಲಾರೆ."

ಅವರ ದನಿಯಲ್ಲಿ ಸಿಟ್ಟಿತ್ತೋ ದಣಿವಿತ್ತೋ, ಒಂದೊಂದು ಸಲ ಒಂದೊಂದು ಥರ ನೆನಪಾಗುತ್ತದೆ; ಹಾಗಾಗಿ ಎರಡನ್ನೂ ನಂಬುವುದಿಲ್ಲ. ಲ್ಯಾಬಿನಿಂದ ಹೊಸ ಬಾಟಲಿಗಳು ಇನ್ನೂ ಬಂದಿಲ್ಲ, ಅವರು ಪಟ್ಟಣದಿಂದ ನೀರಿನ ಕ್ಯಾನು ತರುತ್ತಿದ್ದಾರೆ. ದೋಣಿಕಟ್ಟೆಯಿಂದ ಮನೆಯವರೆಗೆ ಅದನ್ನು ನಾನು ಹೊರುತ್ತೇನೆ. ಅವರು ಬೇಡ ಎನ್ನುವುದಿಲ್ಲ.