ರಕ್ಕಸಿಯ ಕೈ ಅಡುಗೆ

ಹೊಳೆಯ ಕಡೆಯಿಂದ ಸೂರ್ಯ ಮೇಲೇಳುವ ಹೊತ್ತಿಗೆ ಮರವಂತೆಯ ಪ್ರಭಾವತಿ ಅಂಗಳದಲ್ಲಿ ಕೂತು ಕಾಯಿ ತುರಿಯುತ್ತಿದ್ದಾರೆ. ಹೆದ್ದಾರಿ ಬದಿಯ ಶಾಲೆಯಲ್ಲಿ ಅರವತ್ತು ಮಕ್ಕಳ ಬಿಸಿಯೂಟ ಏಳು ವರ್ಷಗಳಿಂದ ಅವರದೇ ಕೈಯದ್ದು. ಗಂಡ ತೀರಿಕೊಂಡ ವರ್ಷ ಸೇರಿದ ಕೆಲಸ. “ಉಪ್ಪ್ ಹೆಚ್ಚಾರೆ ಮುಖದ್ಮೇಲೇ ಹೇಳ್ತೋ, ಒಂದ್ನೇ ಕ್ಲಾಸಿನವು” ಎಂದು ನಗುತ್ತಾರೆ.

ಹೋದ ಬೇಸಿಗೆ ರಜೆಯಲ್ಲಿ ಶಾಲೆಗೆ ಸಿನಿಮಾದವರು ಬಂದಿದ್ದರು. ಹಳೆಯ ಕಥೆಪುಸ್ತಕದಿಂದ ರಾಜ, ನರಿ, ರಕ್ಕಸಿ ಎಲ್ಲ ಹೊರಬಂದು ಊರಲ್ಲಿ ತಿರುಗಾಡುವ ಮಕ್ಕಳ ಚಿತ್ರ. ರಕ್ಕಸಿ ಆಗಬೇಕಿದ್ದವರು ಕೊನೆಗಳಿಗೆಯಲ್ಲಿ ಕೈಕೊಟ್ಟರು. ತಂಡಕ್ಕೆ ಅಡುಗೆ ಮಾಡುತ್ತಿದ್ದ ಎತ್ತರದ ಮೈಕಟ್ಟಿನ ಪ್ರಭಾವತಿಯವರಿಗೇ ಕೋರೆಹಲ್ಲು ಕಟ್ಟಿ ನಿಲ್ಲಿಸಿದರು. “ಒಂದ್ಸಲ ಜೋರ್ ನಗಾಡಿ ಅಂದ್ರ್. ನಗಾಡ್ದೆ. ಅಷ್ಟೇ ಕಾಣಿ.”

ಮಕ್ಕಳ ದಿನಾಚರಣೆಗೆ ಶಾಲೆಯಲ್ಲಿ ಪರದೆ ಕಟ್ಟಿ ಆ ಚಿತ್ರ ತೋರಿಸಿದರು. ರಕ್ಕಸಿ ಪುಸ್ತಕದಿಂದ ಇಳಿದು, ಗಹಗಹಿಸಿ, ಮಕ್ಕಳನ್ನು ಗೋಣಿಗೆ ತುಂಬಿದಳು. ಮರುದಿನ ಒಂದನೇ ತರಗತಿಯವರು ತಟ್ಟೆಯನ್ನೇ ಮುಟ್ಟಲಿಲ್ಲ.

“ಅವ್ರ್ ಪ್ರಭಕ್ಕ ಮಕ್ಳೇ, ವೇಷ ಹಾಕಿದ್ರ್” ಎಂದರು ವಿಷ್ಣುಮೂರ್ತಿ ಮಾಷ್ಟ್ರು.

“ಹಾಂಗಾರೆ ಪುಸ್ತಕದಿಂದ ಬಂದದ್ದ್ ಯಾರ್?” ಎಂದು ಕೇಳಿದಳು ಮುಂದಿನ ಸಾಲಿನ ನಿಖಿತಾ.

ಆ ಪ್ರಶ್ನೆ ಪ್ರಭಾವತಿಯವರನ್ನೂ ಕಾಡಿತು. “ಪರದಿ ಮೇಲೆ ಕಂಡದ್ದ್ ನಾನಾ ಅಲ್ದಾ, ನಂಗೇ ಸಮ ಗೊತ್ತಾಯ್ಲ. ನಗಿ ನಂದೇ. ಹೆದ್ರಿಕಿ ಆದ್ದೂ ನಂಗೇ!”

ಎರಡು ದಿನ ಅನ್ನ ಉಳಿಯಿತು. ಕೆಲಸ ಬಿಟ್ಟೇಬಿಡುವುದೆಂದು ಅವರು ತೀರ್ಮಾನಿಸಿದ್ದರು. ಮೂರನೆಯ ದಿನ ಬಡಿಸಿ ಸಾಕಾಗಿ, ಮಕ್ಕಳ ಸಾಲಿನಲ್ಲೇ ಕುಕ್ಕರಿಸಿ ತಾವೇ ಉಣ್ಣತೊಡಗಿದರು. ನಿಖಿತಾ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

“ರಕ್ಕಸಿ ಸಾಂಬಾರನ್ನ ತಿಂತ್ತಾ?”

“ಹಸಿವ್ ಆತ್ತಲ್ದಾ ಹೆಣ್ಣೇ.”

“ಹೊಟ್ಟಿ ತುಂಬ್ತಾ?”

“ತುಂಬ್ತ್.”

“ಮತ್ತೆ ನಮ್ಮನ್ನ್ ತಿಂಬುದಿಲ್ಲ ಅಲ್ದಾ?”

“ಮತ್ತೆ ಜಾಗ ಎಲ್ಲಿತ್ತ್?”

ಹುಡುಗಿ ಮೆಲ್ಲಗೆ ತನ್ನ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಅವಳು ಉಂಡದ್ದು ಕಂಡು ಉಳಿದವರೂ ಉಂಡರು.

ಅಂದಿನಿಂದ ಇದೇ ಪದ್ಧತಿ. ರಕ್ಕಸಿಯ ಹೊಟ್ಟೆ ಮೊದಲು ತುಂಬಬೇಕು, ಆಮೇಲೆ ಮಕ್ಕಳ ಊಟ. ತಾನು ರಕ್ಕಸಿಯಲ್ಲ ಎಂದು ಹೇಳಬೇಕೋ, ಸುಮ್ಮನಿರಬೇಕೋ, ಪ್ರಭಾವತಿಯವರಿಗೆ ಇವತ್ತಿಗೂ ಬಗೆಹರಿದಿಲ್ಲ. “ಸುಳ್ಳ್ ಹೇಳ್ದಾಂಗೆ ಆತ್ತಾ ಎಂತ?” ಎಂದು ಸಿಕ್ಕಿದವರನ್ನೆಲ್ಲ ಕೇಳುತ್ತಾರೆ.

ಮಧ್ಯಾಹ್ನದ ಗಂಟೆ ಹೊಡೆಯುತ್ತದೆ. ನಿಖಿತಾ ಎರಡೂ ಕೈಯಲ್ಲಿ ಸೌಟು ಹಿಡಿದು, ಚೆಲ್ಲಿಕೊಳ್ಳುತ್ತ ಬಂದು ಪ್ರಭಾವತಿಯವರಿಗೆ ಬಡಿಸುತ್ತಾಳೆ. ಅವರು ಹಬೆಯಾಡುವ ಅನ್ನವನ್ನು ನೋಡುತ್ತ ತಗ್ಗಿದ ದನಿಯಲ್ಲಿ ಹೇಳುತ್ತಾರೆ: “ಹುಟ್ಟಿದ್ ಮನೆಯಲ್ಲೂ, ಸೇರಿದ್ ಮನೆಯಲ್ಲೂ ಎಲ್ರದ್ದೂ ಆದ್ಮೇಲೆ ಉಂಡವ್ಳ್ ನಾನ್. ಬಿಸಿ ಅನ್ನ ಮೊದ್ಲ್ ನನ್ ಬಟ್ಲಿಗ್ ಬಿದ್ದದ್ದ್ ಈಗ್ಳೇ.”