ಶಿವಮಲ್ಲಪ್ಪನವರ ಗೇಟು

ನಾನು ಓದು ನಿಲ್ಲಿಸಿದ್ದು ೧೯೯೬ರಲ್ಲಿ, ಹರವೆಯಲ್ಲಿ, ಎಂಟನೇ ಕ್ಲಾಸು ಅರ್ಧ ಆಗಿರುವಾಗ. ಅಲ್ಲಿಂದ ಈಚೆಗೆ ನನ್ನ ಮುಖದ ಮುಂದೆ ವಿಸಿಲ್ ಊದಿ, ಎದ್ದು ಆಚೆಗೆ ಹೋಗು ಅಂದವರು ಒಬ್ಬರೇ. ಗುಂಡ್ಲುಪೇಟೆಯ ನಮ್ಮ ಬಡಾವಣೆಯ ಪಾರ್ಕಿನ ಅಧ್ಯಕ್ಷರು, ಶಿವಮಲ್ಲಪ್ಪನವರು. ಅವರನ್ನು ನೆನೆಸಿಕೊಂಡರೆ ಇವತ್ತಿಗೂ ನನ್ನ ಹಲ್ಲು ಕಟಕಟ ಅನ್ನುತ್ತದೆ. ಹಾಗಾಗಿ ಇದನ್ನು ಓದುವವರು ನನ್ನಿಂದ ಹೊಗಳಿಕೆ ನಿರೀಕ್ಷೆ ಮಾಡಬಾರದು.

ಮೊದಲು ಬರುತ್ತಿದ್ದದ್ದು ಅವರ ಹೊಟ್ಟೆ, ಆಮೇಲೆ ಅವರು. ಬಿಳಿ ಅರ್ಧ ತೋಳಿನ ಅಂಗಿ, ಹೊಟ್ಟೆಯ ಮೇಲಕ್ಕೆ ಎಳೆದು ಬಿಗಿದ ಬೆಲ್ಟು, ಹಣೆ ತುಂಬ ವಿಭೂತಿ, ಕೊರಳಲ್ಲಿ ಕೆಂಪು ದಾರಕ್ಕೆ ಕಟ್ಟಿದ ವಿಸಿಲ್. ಭೀಮನಬೀಡಿನವರು. ರೆವಿನ್ಯೂ ಇನ್ಸ್‌ಪೆಕ್ಟರ್ ಆಗಿ ರಿಟೈರ್ ಆದವರು. ಆದರೆ ರಿಟೈರ್ ಆಗಿದ್ದು ಕೆಲಸ ಮಾತ್ರ, ದರ್ಪ ಇನ್ನೂ ಸರ್ವೀಸಿನಲ್ಲೇ ಇತ್ತು. ಯಾರಾದರೂ ಹುಲ್ಲಿನ ಮೇಲೆ ಕಾಲಿಟ್ಟರೆ ವಿಸಿಲ್ ಊದಿ, "ಆ ಕಾಲು ನಿಮ್ದಾ, ಎತ್ತಿಂದಾ?" ಅನ್ನುತ್ತಿದ್ದರು. ಫೋನಿನಲ್ಲಿ ಗಟ್ಟಿಯಾಗಿ ಮಾತಾಡುವವರ ಪಕ್ಕಕ್ಕೆ ಹೋಗಿ, "ಮೈಕ್ ಸೆಟ್ ತರುಸ್ಲಾ ಸ್ವಾಮಿ? ಊರಾಚೆಯವ್ರಿಗೂ ಕೇಳ್ಲಿ" ಅನ್ನುತ್ತಿದ್ದರು. ಜನ ನಗುತ್ತಿದ್ದರು, ಹೆದರುತ್ತಿದ್ದರು, ಹೇಳಿದ್ದನ್ನು ಮಾಡುತ್ತಿದ್ದರು.

ಒಂದು ಮಾತು ಹೇಳಲೇಬೇಕು, ಹೇಳಲು ಇಷ್ಟವಿಲ್ಲದಿದ್ದರೂ. ಆ ಜಾಗ ಮೊದಲು ಮನೆ ಕೆಡವಿದ ಇಟ್ಟಿಗೆ ಚೂರು ಸುರಿಯುವ ಜಾಲಿ ಪೊದೆ ಆಗಿತ್ತು. ಕಛೇರಿಗಳ ಬಾಗಿಲಿಗೆ ಅಲೆದು, ಬೈದು, ಕಾಡಿ, ಬೋರ್‌ವೆಲ್ ಹಾಕಿಸಿದವರು ಅವರು. ನಡೆಯುವ ದಾರಿಗೆ ಕಲ್ಲು ಹಾಸಿಸಿದವರು ಅವರು. ಹೊಂಗೆ ಗಿಡಗಳಿಗೆ ಬೆಳಿಗ್ಗೆ ಎದ್ದು ತಾವೇ ಪೈಪು ಹಿಡಿಯುತ್ತಿದ್ದರು. ಮಕ್ಕಳಿಗೆ ಜಾರುಬಂಡೆ, ಉಯ್ಯಾಲೆ, ದೊಡ್ಡವರಿಗೆ ಕೈಕಾಲು ಆಡಿಸುವ ಕಬ್ಬಿಣದ ಮಿಷನ್ನುಗಳು, ಎಲ್ಲ ಬಂದದ್ದು ಅವರ ಕಾಟಕ್ಕೆ. ಸಂಜೆ ಆದರೆ ಇಡೀ ಬಡಾವಣೆ ಅಲ್ಲೇ ಇರುತ್ತಿತ್ತು.

ನನ್ನದು ವೆಲ್ಡಿಂಗ್ ಕೆಲಸ. ಆ ಉಯ್ಯಾಲೆಯ ಕೊಂಡಿ ಸವೆದು ಬಿದ್ದಾಗ ಅದನ್ನು ಬೆಸೆದುಕೊಟ್ಟವನು ನಾನು. ಅದಾಗಿ ಸ್ವಲ್ಪ ದಿನಕ್ಕೆ, ಒಂದು ಸಂಜೆ ಶೆಡ್ಡಿನಿಂದ ನೇರವಾಗಿ ಮಗಳು ಸಿಂಚನಾಳನ್ನು ಕರೆದುಕೊಂಡು ಪಾರ್ಕಿಗೆ ಹೋದೆ. ಅವಳು ಆಗ ಇನ್ನೂ ಅಂಗನವಾಡಿ. ಅವಳನ್ನು ಉಯ್ಯಾಲೆಗೆ ಕೂರಿಸಿ, ಎರಡು ಸಲ ತೂಗಿ, ಬೆಂಚಿನ ಮೇಲೆ ಕುಂತೆ. ವಿಸಿಲ್ ಬಿತ್ತು.

"ಏಯ್, ಗ್ರೀಸ್ ಬಟ್ಟೆ! ಏಳಯ್ಯಾ ಮೇಲೆ. ಆ ಮಸಿ ಬೆಂಚಿಗೆ ಹತ್ಕತದ. ಮನೆಗೋಗಿ ಸ್ನಾನ ಮಾಡ್ಕಂಡು, ಮನುಷ್ಯ ಆಗಿ ಬಾ."

ಸುತ್ತ ನಡೆಯುತ್ತಿದ್ದ ಹೆಂಗಸರು, ಗಂಡಸರು ನಿಂತು ನೋಡಿದರು. ಅವರಲ್ಲಿ ಮೂರು ಜನರ ಮನೆ ಕಿಟಕಿಗೆ ಗ್ರಿಲ್ ಹಾಕಿದವನು ನಾನು. ಮಗಳನ್ನು ಎತ್ತಿಕೊಂಡು ಆಚೆಗೆ ಬಂದೆ. ರಸ್ತೆ ದಾಟುವಾಗ ಅವಳು ನನ್ನ ಕಿವಿ ಹಿಡಿದುಕೊಂಡು ಕೇಳಿದಳು: "ಅಪ್ಪ, ನಿಂಗೆ ಪಾರ್ಕಿಲ್ವಾ?"

ಆ ಮನುಷ್ಯನ ಕೈಯಲ್ಲಿ ಒಂದು ದಿನ 'ನಾಗರಾಜು, ದಯವಿಟ್ಟು' ಅನ್ನಿಸಬೇಕು ಅಂತ ಅಲ್ಲೇ ಚರಂಡಿ ಪಕ್ಕ ನಿಂತು ತೀರ್ಮಾನ ಮಾಡಿದೆ.

ದಾರಿ ತೋರಿಸಿದ್ದು ದನಗಳು. ಜನ ಗೇಟು ಹಾಕದೆ ಹೋಗುತ್ತಿದ್ದರು. ಬೀದಿ ದನ ನುಗ್ಗಿ ಹೊಂಗೆ ಚಿಗುರು, ಹುಲ್ಲು ಎಲ್ಲ ಮೇದುಬಿಡುತ್ತಿದ್ದವು. ಕಮಿಟಿಯವರು ಸಭೆ ಸೇರಿ, ದೊಡ್ಡ ಗೇಟಿಗೆ ಬೀಗ ಹಾಕಿ ಪಕ್ಕದಲ್ಲಿ ಸಂದು ಗೇಟು ಮಾಡಿಸಬೇಕು ಅಂದರು. ಸಂದು ಗೇಟಿಗೆ ಬಾಗಿಲಿಲ್ಲ. ಗೋಡೆ ಒಡೆದ ಜಾಗಕ್ಕೆ ಎದುರಾಗಿ ಕಬ್ಬಿಣದ ಅಡ್ಡ ನಿಲ್ಲಿಸುವುದು. ಮನುಷ್ಯನಾದರೆ ಎಡಕ್ಕೊಂದು ಹೆಜ್ಜೆ, ಬಲಕ್ಕೊಂದು ಹೆಜ್ಜೆ ತಿರುಗಿ ಒಳಗೆ ಹೋಗುತ್ತಾನೆ. ದನದ ಮೈ ಉದ್ದ, ತಿರುಗುವುದಿಲ್ಲ. ಎಲ್ಲ ಸಂದಿನ ಅಗಲದಲ್ಲಿ ಇದೆ. ಊರಿನಲ್ಲಿ ಅಂಥ ಕೆಲಸ ಅಚ್ಚುಕಟ್ಟಾಗಿ ಮಾಡುವವನು ನಾನೇ, ಇದರಲ್ಲಿ ನಾಚಿಕೆ ಏನೂ ಇಲ್ಲ. ನನ್ನನ್ನೇ ಕರೆದರು.

ಸ್ನಾನ ಮಾಡಿ, ಬಿಳಿ ಅಂಗಿ ಹಾಕಿಕೊಂಡು ಹೋದೆ. ಶಿವಮಲ್ಲಪ್ಪನವರು ನನ್ನನ್ನು ಗುರುತು ಹಿಡಿದಂತೆ ಕಾಣಲಿಲ್ಲ. ಅದಕ್ಕೆ ನನಗೆ ಇನ್ನೂ ಉರಿಯಿತು. ಕಮಿಟಿಯವರೆಲ್ಲ ಸುತ್ತ ನಿಂತಿದ್ದಾಗ ಟೇಪು ತೆಗೆದು ಹೇಳಿದೆ, "ಸಾರ್, ಮನುಷ್ಯನ ಅಳತೆ ಒಂದು ಬೇಕಲ್ಲ. ಅಧ್ಯಕ್ಷರು ತಾವೇ ನಿಂತ್ಕಂಡ್ರೆ ಚೆಂದ." ಅವರಿಗೆ ಅದು ಮರ್ಯಾದೆ ಅನ್ನಿಸಿತು. ಎದೆ ಉಬ್ಬಿಸಿ, ಕೈ ಎರಡೂ ಪಕ್ಕಕ್ಕೆ ಬಿಟ್ಟು, ಫೋಟೋಗೆ ನಿಂತ ಹಾಗೆ ನಿಂತರು. ಬೆನ್ನಿಂದ ಹೊಟ್ಟೆ ತುದಿಯವರೆಗೆ ಅಳತೆ ತೆಗೆದೆ. ಶೆಡ್ಡಿಗೆ ಬಂದು ಅದರಲ್ಲಿ ನಾಲ್ಕು ಬೆರಳು ಕಡಿಮೆ ಮಾಡಿ ಪೈಪು ಕತ್ತರಿಸಿದೆ. ಕಮಿಟಿಯಲ್ಲಿ ಅಷ್ಟು ಹೊಟ್ಟೆ ಬೇರೆ ಯಾರಿಗೂ ಇರಲಿಲ್ಲ. ಬೆಸೆಯುವಾಗ ಹಾಡಿಕೊಂಡೇ ಬೆಸೆದೆ.

ಉದ್ಘಾಟನೆಗೆ ರಿಬ್ಬನ್ ಕತ್ತರಿಸಿ, ಚಪ್ಪಾಳೆ ಹೊಡೆಸಿಕೊಂಡು, ಮೊದಲು ಅಧ್ಯಕ್ಷರು ಒಳಗೆ ಹೋಗಬೇಕು. ಹೋದರು. ಎಡಕ್ಕೆ ತಿರುಗಿದರು. ನಿಂತರು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಮೈಸೂರು ಸಿಲ್ಕ್ ಶಲ್ಯ ಪೈಪಿಗೆ ಸಿಕ್ಕಿಕೊಂಡಿತು. ಹಿಂದೆ ಯಾರೋ ಮೆಲ್ಲಗೆ ನಕ್ಕರು. ಆ ಒಂದು ನಿಮಿಷಕ್ಕೆ ನಾನು ಯಾವ ಹಬ್ಬದೂಟವನ್ನೂ ಬಿಟ್ಟುಕೊಡುತ್ತಿದ್ದೆ. ಈಗ ನನ್ನ ಕಡೆ ತಿರುಗುತ್ತಾರೆ, ಬೈಯುತ್ತಾರೆ, ಆಮೇಲೆ ಕೇಳುತ್ತಾರೆ ಅಂತ ಕೈ ಕಟ್ಟಿಕೊಂಡು ನಿಂತೆ.

ಅವರು ತಿರುಗಲಿಲ್ಲ. ಉಸಿರು ಎಳೆದುಕೊಂಡರು, ಅಡ್ಡವಾದರು, ಬೆರಳ ತುದಿಯ ಮೇಲೆ ನಿಂತು ಒಂದು ಸಲ ಜಗ್ಗಿ ಆ ಕಡೆ ಬಿದ್ದರು. ಶಲ್ಯ ಕೊಡವಿಕೊಂಡು, "ದನ ಬರಲ್ಲ. ಸಾಕು" ಅಂದರು.

ಅಲ್ಲಿಂದ ಶುರುವಾಯಿತು ನೋಡಿ. ದೊಡ್ಡ ಗೇಟಿನ ಕೀಲಿ ಅವರ ಜೇಬಿನಲ್ಲೇ ಇತ್ತು. ಅದನ್ನು ತೆಗೆಯಲಿಲ್ಲ. ದಿನಾ ಆ ಸಂದಿನಲ್ಲೇ ಏದುಸಿರು ಬಿಟ್ಟುಕೊಂಡು ನುಗ್ಗಿದರು. ಅದನ್ನು ನೋಡಲೆಂದೇ ನಾನು ದಿನಾ ಸಂಜೆ ಸ್ನಾನ ಮಾಡಿಕೊಂಡು ಹೋಗಿ ಗೇಟಿನ ಎದುರಿನ ಬೆಂಚಿನಲ್ಲಿ ಕೂರುತ್ತಿದ್ದೆ. ನನ್ನ ಹೆಂಡತಿ ಮಾದೇವಮ್ಮ ಬಚ್ಚಲ ಬಾಗಿಲಲ್ಲಿ ನಿಂತು ಆಡಿಕೊಳ್ಳುತ್ತಿದ್ದಳು. "ವೈರಿ ನೋಡಾಕೆ ಇಷ್ಟು ಸೋಪಾ? ನನ್ನ ಮದ್ವೆ ದಿನವೂ ಹಿಂಗೆ ಉಜ್ಕಂಡಿರ್ನಿಲ್ಲ ನೀನು."

ಕಾಯುವವನಿಗೆ ಕೈ ಸುಮ್ಮನಿರುವುದಿಲ್ಲ. ಅವರು ಬರುವವರೆಗೆ ಮಗಳನ್ನು ಉಯ್ಯಾಲೆಯಲ್ಲಿ ತೂಗುತ್ತಿದ್ದೆ. ಅವರು ಬಂದ ಮೇಲೆ, ಅವರ ಎದುರೇ ಓಡಾಡಬೇಕು ಅಂತ ಕಲ್ಲುದಾರಿಯಲ್ಲಿ ಸುತ್ತು ಹಾಕುತ್ತಿದ್ದೆ. ಹೀಗೆ ಕೋಪಕ್ಕೆ ನಡೆದೂ ನಡೆದೂ ನನ್ನ ಸೊಂಟದ ನೋವು ಹೋಯಿತು. ಹೊಂಗೆ ಹೂವು ಉದುರುವ ತಿಂಗಳಲ್ಲಿ ಬೆಂಚು ಬಿಟ್ಟು ಏಳಲು ಮನಸ್ಸೇ ಬರುತ್ತಿರಲಿಲ್ಲ. ಕಾಂಪೌಂಡಿನಾಚೆಯ ಚುರುಮುರಿ ಗಾಡಿಯವನು ನನಗೆ ಕೇಳದೆಯೇ ಖಾರ ಜಾಸ್ತಿ ಹಾಕುವಷ್ಟು ಹಳಬನಾದೆ. ಆದರೂ ಕಣ್ಣು ಮಾತ್ರ ಗೇಟಿನ ಮೇಲೇ.

ಒಂದು ಸಲ ಕಮಿಟಿಯ ಕಾರ್ಯದರ್ಶಿ ಶೆಡ್ಡಿಗೆ ಬಂದು, ಅಧ್ಯಕ್ಷರಿಗೆ ಕಷ್ಟ ಆಗುತ್ತಿದೆ, ಸ್ವಲ್ಪ ಅಗಲ ಮಾಡಿಕೊಡಿ ಅಂದರು. ಕೂಲಿ ಬೇಡ, ಈಗಲೇ ಮಾಡುತ್ತೇನೆ, ಆದರೆ ಅವರೇ ಬಂದು ಒಂದು ಮಾತು ಕೇಳಲಿ ಅಂದೆ. ಕಾರ್ಯದರ್ಶಿ ಮಾರನೇ ದಿನ ಮುಖ ಸಣ್ಣಗೆ ಮಾಡಿಕೊಂಡು ಬಂದು ಹೇಳಿದರು: ಗೇಟಿಗೆ ಯಾರಾದರೂ ಕೈ ಹಾಕಿದರೆ ನಾನು ಪಾರ್ಕಿಗೇ ಬರುವುದಿಲ್ಲ ಅಂತ ಅಧ್ಯಕ್ಷರು ಅಂದುಬಿಟ್ಟರಂತೆ.

ವರ್ಷಗಳು ಹೋದವು. ಅವರು ಕೇಳಲಿಲ್ಲ. ನಾನು ಬಿಡಲಿಲ್ಲ. ಸಿಂಚನಾ ಉಯ್ಯಾಲೆ ಬಿಟ್ಟು, ಗೆಳತಿಯರ ಜೊತೆ ಬೇರೆ ಬೆಂಚಿಗೆ ಹೋದಳು.

ಆಮೇಲೆ ಒಂದು ಬೇಸಿಗೆಯಲ್ಲಿ ಅವರು ಕಾಣಲಿಲ್ಲ. ಮೈಸೂರಿನ ಆಸ್ಪತ್ರೆಯಲ್ಲಿದ್ದಾರೆ ಅಂತ ಚುರುಮುರಿಯವನು ಹೇಳಿದ. ಸರಿ, ಎಲ್ಲಿಗೆ ಹೋಗುತ್ತಾರೆ, ಬರಲಿ ಅಂದುಕೊಂಡೆ. ದಿನಾ ಹೋಗಿ ಕೂತೆ. ಗೇಟಿನಲ್ಲಿ ಯಾರಾದರೂ ಬಂದರೆ ತಲೆ ಎತ್ತುವುದು, ಬೇರೆಯವರಾದರೆ ಇಳಿಸುವುದು.

ಮಳೆಗಾಲ ಹಿಡಿದ ಮೇಲೆ ಬಂದರು. ನಾನು ಮೊದಲು ಗುರುತು ಹಿಡಿಯಲಿಲ್ಲ. ಅಂಗಿ ಮೊಳೆಗೆ ನೇತು ಹಾಕಿದ ಹಾಗಿತ್ತು. ವಿಸಿಲ್ ಇರಲಿಲ್ಲ. ಎಡಕ್ಕೊಂದು ಹೆಜ್ಜೆ, ಬಲಕ್ಕೊಂದು ಹೆಜ್ಜೆ, ಎಲ್ಲೂ ತಾಕದೆ ಒಳಗೆ ಬಂದುಬಿಟ್ಟರು. ನೇರವಾಗಿ ನನ್ನ ಬೆಂಚಿಗೆ ಬಂದು ಪಕ್ಕದಲ್ಲಿ ಕುಂತರು. ಅಷ್ಟು ವರ್ಷದಲ್ಲಿ ಅದೇ ಮೊದಲು.

"ಅಳತೆ ತಗಂಡ ದಿನವೇ ಗೊತ್ತಿತ್ತು ಕಣಯ್ಯಾ ನಾಗರಾಜು," ಅಂದರು. "ಸರ್ವೀಸೆಲ್ಲ ಜಮೀನು ಅಳೆಸ್ದೋನು ನಾನು. ಟೇಪು ಎಳೆಯೋನ ಮುಖ ನೋಡುದ್ರೆ ಸಾಕು, ಎಲ್ಲಿ ಕಮ್ಮಿ ಮಾಡ್ತಾನೆ ಅಂತ ತಿಳೀತದ."

"ತಿಳುದ್ಮೇಲೆ ಯಾಕೆ ಸುಮ್ನಿದ್ರಿ ಸಾರ್?"

"ಕೇಳುದ್ರೆ ನೀನು ಗೆದ್ದಂಗೆ ಆಯ್ತದಲ್ಲ." ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡರು. "ನಾನು ತೂರ್ಕಂಡು ಈಚೆಗೆ ಬಂದಾಗ ನಿನ್ನ ಮುಖ ಒಂದು ಥರಾ ಆಯ್ತಿತ್ತು ನೋಡು. ಅದ್ನ ನೋಡಾಕೇ ದಿನಾ ಬತ್ತಿದ್ದೆ ಕಣಯ್ಯಾ. ಡಾಕ್ಟ್ರು ವಾಕಿಂಗ್ ಮಾಡು ಅಂದಿದ್ರು. ನೀನಿಲ್ದೆ ಇದ್ದಿದ್ರೆ ಮಾಡ್ತಿರ್ನಿಲ್ಲ."

ಆ ದಿನದ ಗ್ರೀಸ್ ಬಟ್ಟೆ ನೆನಪಿದೆಯಾ ಅಂತ ಕೇಳಿದೆ. ನೆನಪಿದೆ, ಬೆಂಚಿಗೆ ಮಸಿ ಹತ್ತಿತ್ತು, ನಾನೇ ಸೀಮೆಎಣ್ಣೆ ಹಾಕಿ ಉಜ್ಜಿದೆ ಅಂದರು. ತಪ್ಪಾಯ್ತು ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಕತ್ತಲಾಗುವವರೆಗೆ ಇಬ್ಬರೂ ಕುಂತಿದ್ದೆವು. ಏಳುವಾಗ ನನ್ನ ಹೆಗಲ ಮೇಲೆ ಕೈ ಊರಿದರು. ಕೇಳಿ ಅಲ್ಲ, ಸುಮ್ಮನೆ ಊರಿದರು.

ಆ ತಿಂಗಳು ಮುಗಿಯುವುದರೊಳಗೆ ತೀರಿಕೊಂಡರು. ಭೀಮನಬೀಡಿನ ಅವರ ತೋಟದಲ್ಲಿ ಮಣ್ಣು ಮಾಡಿದರು. ನಾನೂ ಹೋಗಿದ್ದೆ.

ಹೊಸ ಕಮಿಟಿಯವರು ಮೊನ್ನೆ ಬಂದು ಆ ಗೇಟು ಅಗಲ ಮಾಡಿಕೊಡಿ ಅಂದರು. ಆಗುವುದಿಲ್ಲ ಅಂದೆ. ಶಿವಮಲ್ಲಪ್ಪನವರು ಕೇಳದೆ ಹೋದದ್ದನ್ನು ಬೇರೆ ಯಾರು ಕೇಳಿದರೂ ನಾನು ಕೊಡುವುದಿಲ್ಲ. ಕೈಲಾಗದವರಿಗೆ ದೊಡ್ಡ ಗೇಟು ತೆಗೆದಿಡಿ, ದನ ಬಂದರೆ ನಾನು ಕಾಯುತ್ತೇನೆ ಅಂದೆ.

ಈಗ ನನಗಿರುವುದು ಒಂದು ಶೆಡ್ಡು, ಎರಡು ವೆಲ್ಡಿಂಗ್ ಮಿಷನ್, ಶೀಟು ತೆಗೆದು ತಾರಸಿ ಹಾಕಿಸಿದ ಒಂದು ಮನೆ, ಪಿಯುಸಿ ಓದುವ ಒಬ್ಬಳು ಮಗಳು, ಬೈಯಲು ಒಬ್ಬಳು ಹೆಂಡತಿ. ವೈರಿ ಒಬ್ಬರೂ ಇಲ್ಲ.