ಟಿಕಾಲ್ ನೋಡಿ ಬಂದವರು

ಮೊನ್ನೆ ಶನಿವಾರ ಟಕ್ವಿಲಾದ ಮಾಲ್‌ಗೆ ನಡಿಗೆಯ ಬೂಟು ಕೊಳ್ಳಲು ಹೋಗಿದ್ದೆ. ಕ್ಯಾಂಪಿಂಗ್ ಸಾಮಾನಿನ ಸಾಲಿನಲ್ಲಿ ಯಾರೋ ಹೆಂಗಸು ಸೊಳ್ಳೆ ಕಚ್ಚದಂತೆ ಹಚ್ಚಿಕೊಳ್ಳುವ ಸ್ಪ್ರೇ ಬಾಟಲಿಯ ಮುಚ್ಚಳ ತೆಗೆದು, ಮೊಣಕೈಗೆ ಒಂದು ಸಲ ಹೊಡೆದುಕೊಂಡು, ಮೂಸಿ ನೋಡಿ, ಮತ್ತೆ ಅಲ್ಲೇ ಇಟ್ಟು ಹೋದಳು. ನಿಂಬೆಹುಲ್ಲಿಗೆ ಸೀಮೆಎಣ್ಣೆ ಕಲಸಿದಂಥ ವಾಸನೆ... ನಾನು ಬೂಟಿನ ಡಬ್ಬಿ ಹಿಡಿದುಕೊಂಡು ನಿಂತೇ ಇದ್ದೆ. ಅಂಗಡಿಯ ಹುಡುಗಿ ಬಂದು ಏನಾದರೂ ಸಹಾಯ ಬೇಕೇ ಎಂದು ಕೇಳಿದಳು. ಬೇಡ ಎಂದೆ.

ಅದು ವುಡಿನ್‌ವಿಲ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಂಕಲ್‌ರ ಅಡುಗೆಮನೆಯ ವಾಸನೆ. ಒಂದು ಇಡೀ ಬೇಸಿಗೆ ಅವರು ಮೂರು ಕಂಪನಿಯ ಸೊಳ್ಳೆ ಎಣ್ಣೆಗಳನ್ನು ಸಾಲಾಗಿ ಇಟ್ಟುಕೊಂಡು, ದಿನಕ್ಕೊಂದರಂತೆ ಎಡಗೈಗೆ ಹಚ್ಚಿ, ಹಿತ್ತಲಲ್ಲಿ ಕೂತು, ಎಷ್ಟು ಹೊತ್ತಿಗೆ ಮೊದಲ ಸೊಳ್ಳೆ ಕಚ್ಚಿತು ಎಂದು ಬರೆದಿಡುತ್ತಿದ್ದರು. ವಿಮಾನದ ಕಾರ್ಖಾನೆಯಲ್ಲಿ ಪರೀಕ್ಷೆಯ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಪರೀಕ್ಷೆ ಮಾಡದೆ ಅವರು ಕೊತ್ತಂಬರಿ ಸೊಪ್ಪನ್ನೂ ನಂಬುತ್ತಿರಲಿಲ್ಲ.

ಐಹೊಳೆಯ ಕಡೆಯವರು. ನಾವೆಲ್ಲ ಹುಟ್ಟುವ ಮೊದಲೇ ಓದಲೆಂದು ಈ ದೇಶಕ್ಕೆ ಬಂದವರಾದರೂ ಅವರ ಮಾತು ಮಾತ್ರ ಮಲಪ್ರಭೆಯ ದಂಡೆಯನ್ನು ಬಿಟ್ಟಿರಲಿಲ್ಲ. ಆಂಟಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಒಬ್ಬಳೇ ಮಗಳು ಪೋರ್ಟ್‌ಲ್ಯಾಂಡಿನಲ್ಲಿ. ಅಪ್ಪ ಕನ್ನಡದಲ್ಲಿ ಬೈಯುವುದು, ಮಗಳು ಇಂಗ್ಲಿಷಿನಲ್ಲಿ ತಿರುಗಿ ಬೈಯುವುದು, ಆಮೇಲೆ ಇಬ್ಬರೂ ಒಟ್ಟಿಗೆ ಕೂತು ರೊಟ್ಟಿ ತಿನ್ನುವುದು, ಇದು ಆ ಮನೆಯ ಪದ್ಧತಿ. ನೋಡಲು ಚೆನ್ನಾಗಿತ್ತು.

ಸೊಳ್ಳೆ ಎಣ್ಣೆಯ ಪರೀಕ್ಷೆ ನಡೆದದ್ದು ಮಾಯನ್ನರ ಹಾಳು ನಗರ ನೋಡಲು ಹೋಗುವುದಕ್ಕಾಗಿ. ಗ್ವಾಟೆಮಾಲಾದ ಕಾಡಿನೊಳಗಿರುವ ಟಿಕಾಲ್. ಅಲ್ಲಿ ನಾಲ್ಕನೆಯ ಗುಡಿ ಎಂದು ಒಂದಿದೆಯಂತೆ. ಪಕ್ಕದಲ್ಲಿ ಕಟ್ಟಿರುವ ಮರದ ಮೆಟ್ಟಿಲು ಹತ್ತಿ ಮೇಲೆ ಕೂತರೆ ಎತ್ತ ನೋಡಿದರೂ ಕಾಡು, ಅದರ ನಡುವೆ ತಲೆ ಎತ್ತಿರುವ ಬೇರೆ ಗುಡಿಗಳು. ಅಲ್ಲಿ ಒಂದು ಮುಂಜಾನೆ ಕೂಡಬೇಕು ಎಂಬುದು ಅವರ ಆಸೆ. ಎಷ್ಟೋ ವರ್ಷಗಳಿಂದ ಇತ್ತು. ಅವಸರ ಬಂದದ್ದು ಮಾತ್ರ ಆ ವರ್ಷ. ಕಣ್ಣಿನ ನಡುಭಾಗ ಮಸುಕಾಗುತ್ತ ಹೋಗುವ ಕಾಯಿಲೆ ಶುರುವಾಗಿತ್ತು. ವರ್ಷ, ಹೆಚ್ಚೆಂದರೆ ಒಂದೂವರೆ ವರ್ಷ ಸರಿಯಾಗಿ ಕಾಣಬಹುದು ಎಂದು ಡಾಕ್ಟರು ಹೇಳಿದ್ದರು. ಅಂಕಲ್ ಅದನ್ನು ನನಗೆ ಹೇಳಿದ್ದು ಹಾಲು ಖಾಲಿಯಾಗಿದೆ ಎನ್ನುವ ದನಿಯಲ್ಲಿ.

ಗುಂಪಿನಲ್ಲಿ ಹೋಗುವುದಂತೂ ಬೇಡವೇ ಬೇಡ ಎಂದರು. "ಗೈಡ್ ಜೊತಿ ಹೋದ್ರ ಕಿವಿ ತುಂಬತದ, ಕಣ್ಣು ತುಂಬೂದಿಲ್ಲವಾ. ಬಾವುಟ ಹಿಡ್ಕೊಂಡು ಮುಂದ ಓಡ್ತಾನ, ನಾವು ಕುರಿ ಹಂಗ ಹಿಂದ." ಅವರ ಬಾಲ್ಯದಲ್ಲಿ ಐಹೊಳೆಯ ಗುಡಿಗಳಲ್ಲಿ ಜನ ಸಂಸಾರ ಮಾಡಿಕೊಂಡಿದ್ದರಂತೆ. ಕಂಬಕ್ಕೆ ದನ ಕಟ್ಟುತ್ತಿದ್ದರು, ಹುಡುಗರು ಜಗಲಿಯ ಮೇಲೆ ಮಧ್ಯಾಹ್ನದ ನಿದ್ದೆ ಮಾಡುತ್ತಿದ್ದರು. ಹಳೆಯ ಕಲ್ಲನ್ನು ನೋಡುವುದೆಂದರೆ ಅವರಿಗೆ ಅದರ ಮೇಲೆ ಕೂತು ಹೊತ್ತು ಕಳೆಯುವುದು. ಅದಕ್ಕೆ ಅವರದೇ ಯೋಜನೆ ಸಿದ್ಧವಾಗಿತ್ತು. ಅಲ್ಲಿಗೆ ಹತ್ತಿರದ ಒಂದು ಕೆರೆಯ ದಡದ ಊರಿನಲ್ಲಿ ರೂಮು, ದಿನಾ ಬೆಳಗ್ಗೆ ವ್ಯಾನ್ ಹಿಡಿದು ಟಿಕಾಲ್, ಹಾಗೆ ಮೂರು ದಿನ. ಬುತ್ತಿಗೆ ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿ.

"ಫಲಕ ಓದಾಕ ಒಂದು ಜೋಡಿ ಕಣ್ಣು ಬೇಕು. ನೀ ಬರ್ತೀ ಏನು?" ಎಂದು ಕೇಳಿದರು.

"ಬರ್ತೀನಿ ಅಂಕಲ್, ಖಂಡಿತ," ಎಂದೆ. ಆಗ ನಿಜವಾಗಿಯೇ ಹೇಳಿದ್ದೆ.

ಅಂದಿನಿಂದ ಅವರು ಮೆಟ್ಟಿಲು ಹತ್ತಲು ಶುರು ಮಾಡಿದರು. ನಮ್ಮ ಬೀದಿಯ ಕೊನೆಗೆ ಗುಡ್ಡದಿಂದ ಹೊಳೆಯ ದಾರಿಗೆ ಇಳಿಯುವ ಮರದ ಮೆಟ್ಟಿಲುಗಳಿವೆ. ಬೆನ್ನಚೀಲದಲ್ಲಿ ಒಂದು ಸೋನಾ ಮಸೂರಿ ಚೀಲ ಇಟ್ಟುಕೊಂಡು ಬೆಳಗ್ಗೆ ಹತ್ತು ಸಲ ಹತ್ತಿ ಇಳಿಯುವುದು. ಮಳೆ ಬಂದರೆ ರೇನ್‌ಕೋಟು. ನಾನು ಆಫೀಸಿಗೆ ಹೊರಟಾಗ ಕಾರಿನಿಂದ ಕೈ ಬೀಸಿದರೆ ಅವರು ಗುರುತು ಹಿಡಿಯುತ್ತಿದ್ದದ್ದು ಕಾರಿನ ಬಣ್ಣದಿಂದ.

ನನ್ನ ಆಫೀಸು ನಗರದ ನಡುವೆ, ಡೆನ್ನಿ ಟ್ರಯಾಂಗಲ್‌ನ ಗಾಜಿನ ಕಟ್ಟಡದಲ್ಲಿ. ಆ ಚಳಿಗಾಲ ನಮ್ಮ ಪ್ರಾಜೆಕ್ಟಿನ ದಿನಾಂಕ ಮುಂದೆ ಹೋಗಿ ಸರಿಯಾಗಿ ಪ್ರಯಾಣದ ವಾರಕ್ಕೇ ಬಂದು ಕೂತಿತು. ರಜೆ ಕೇಳಬಹುದಿತ್ತು. ಕೇಳಿದ್ದರೆ ಬಹುಶಃ ಕೊಡುತ್ತಿದ್ದರು. ನಾನು ಕೇಳಲಿಲ್ಲ. ಅಂಕಲ್ ಹತ್ತಿರ "ನಾನು ಬರಲ್ಲ" ಎಂದು ಹೇಳುವ ಧೈರ್ಯವೂ ಇರಲಿಲ್ಲ. ಅದರ ಬದಲು ಗೈಡೆಡ್ ಟೂರಿನ ವಕೀಲಳಾದೆ. ನಾವೇ ಹೋದರೆ ದಾರಿ ಸರಿಯಿಲ್ಲ, ಭಾಷೆ ಬರುವುದಿಲ್ಲ, ಕಣ್ಣು ಹೀಗಿದೆ, ಊಟಕ್ಕೆ ಕಷ್ಟ. ಟೂರಿನವರಾದರೆ ಏರ್‌ಪೋರ್ಟಿನಿಂದ ಏರ್‌ಪೋರ್ಟಿಗೆ ಜವಾಬ್ದಾರಿ, ನಾನೂ ಬೇಕಾಗುವುದಿಲ್ಲ. ಪ್ರತಿ ಭಾನುವಾರ ಅವರ ಮನೆಯ ಕಾಫಿ ಕುಡಿಯುತ್ತ ಇದನ್ನೇ ಹೇಳಿದೆ. ಅವರ ಮಗಳಿಗೂ ಕಾಲ್ ಮಾಡಿ ಒಪ್ಪಿಸಿದೆ.

"ಅಂಕಲ್, ನಿಮಗೇನಾದ್ರೂ ಆದ್ರೆ ನಾನೇನ್ ಉತ್ತರ ಕೊಡ್ಲಿ ಅವಳಿಗೆ?"

"ಹೋಗ್ಲಿ ಬಿಡು. ಒಟ್ಟು ಆ ಮೆಟ್ಟಲಾ ಹತ್ತಿದ್ರ ಸಾಕು ನನಗ," ಎಂದರು. ನನಗೆ ಆದ ನೆಮ್ಮದಿಯನ್ನು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಟೂರಿನ ಫಾರ್ಮ್ ಆನ್‌ಲೈನ್. ಪ್ರಯಾಣದ ಪುಟ ನಾನು ತುಂಬಿದೆ. ಪಾಸ್‌ಪೋರ್ಟು, ಔಷಧಿಗಳ ಪುಟ ಮಗಳು ತುಂಬಿದಳು. ನಮ್ಮ ಜನರ ಒಂದು ಅಭ್ಯಾಸ ಇಲ್ಲಿ ಹೇಳಬೇಕು. ಊರಿನಿಂದ ಅಪ್ಪ ಅಮ್ಮ ಬರುವಾಗ ಅವರು ಗುಂಡುಕಲ್ಲಿನಂತೆ ಗಟ್ಟಿಯಾಗಿದ್ದರೂ ಟಿಕೆಟಿನಲ್ಲಿ ಗಾಲಿಕುರ್ಚಿ ಕೇಳುತ್ತೇವೆ. ನಡೆಯಲಾರರು ಎಂದಲ್ಲ. ಯಾರಾದರೂ ಒಬ್ಬರು ಜೊತೆಗಿದ್ದು ಸರಿಯಾದ ಗೇಟಿಗೆ ಮುಟ್ಟಿಸುತ್ತಾರೆ ಎಂದು. ನಮ್ಮ ಏರ್‌ಪೋರ್ಟಿನಲ್ಲಿ ರೇಷ್ಮೆ ಸೀರೆ, ಬಿಳಿ ಬೂಟಿನ ಅಜ್ಜಿಯರು ಸಾಲಾಗಿ ಗಾಲಿಕುರ್ಚಿಯಲ್ಲಿ ಬಂದು, ಬಾಗಿಲು ದಾಟಿದ್ದೇ ತಡ ಎದ್ದು ಮಗನಿಗಿಂತ ಮುಂದೆ ನಡೆದು ಕಾರು ಹುಡುಕುವುದನ್ನು ಎಲ್ಲರೂ ನೋಡಿದ್ದೇವೆ, ನಕ್ಕಿದ್ದೇವೆ. ನಮ್ಮಮ್ಮನಿಗೆ ಟಿಕೆಟ್ ಮಾಡುವಾಗ ಆ ಚೌಕಕ್ಕೆ ಟಿಕ್ ಹಾಕಿ ಹಾಕಿ ನನ್ನ ಕೈಗೆ ಅದು ರೂಢಿಯಾಗಿಬಿಟ್ಟಿತ್ತು. ಅಂಕಲ್‌ರ ಫಾರ್ಮಿನಲ್ಲಿಯೂ ಹಾಕಿದೆ. ಹಾಕಿದ್ದು ನೆನಪೂ ಉಳಿಯಲಿಲ್ಲ.

ಹೋಗಿ ಬಂದರು. ಬಂದ ಮರುವಾರ ನಮ್ಮ ಮನೆಯಲ್ಲಿ ನಾಲ್ಕು ಮನೆಯವರು ಸೇರಿ ಊಟ ಇಟ್ಟುಕೊಂಡಿದ್ದೆವು. ಅಂಕಲ್ ಮೇಜಿನ ಮೇಲಿದ್ದ ಬಟ್ಟಲುಗಳನ್ನೇ ಗುಡಿಗಳನ್ನಾಗಿ ಮಾಡಿ ಟಿಕಾಲ್ ತೋರಿಸಿದರು. ಪಲ್ಯದ ಬಟ್ಟಲು ಒಂದು ಗುಡಿ, ಎದುರಿಗೆ ಸಾರಿನ ಬಟ್ಟಲು ಇನ್ನೊಂದು, ನಡುವೆ ಅಂಗಳ, ಇಲ್ಲಿಂದ ಕವಲೊಡೆಯುವ ದಾರಿಗಳು, ಅಲ್ಲಿ ದೂರ ಪಶ್ಚಿಮಕ್ಕೆ ನಾಲ್ಕನೆಯ ಗುಡಿ. ಎಲ್ಲವೂ ಮೇಲಿನಿಂದ ನೋಡಿದ ಹಾಗೆ ಅಷ್ಟು ಸ್ಪಷ್ಟ. ತುದಿಗೆ ಹತ್ತಿ ನೋಡಿದ್ದಾರಲ್ಲ ಎಂದುಕೊಂಡು ನಾನು ಹಿಗ್ಗಿದೆ.

"ಮೆಟ್ಟಿಲು ಎಲ್ಲಾ ಹತ್ತಿದ್ರಾ ಅಂಕಲ್?" ಎಂದು ಯಾರೋ ಕೇಳಿದರು.

"ಉಪ್ಪಿನಕಾಯಿ ಈ ಕಡೆ ಕೊಡ್ರಿ," ಎಂದರು ಅಂಕಲ್.

ತಿಂಗಳ ಮೇಲೆ ಒಂದು ದಿನ, ಆಫೀಸಿನ ಊಟದ ಹೊತ್ತಿನಲ್ಲಿ, ಟೂರಿನವರಿಂದ ನನಗೆ ಈಮೇಲ್ ಬಂತು. ಬುಕ್ ಮಾಡಿದವಳು ನಾನಲ್ಲವೆ. ಗಾಲಿಕುರ್ಚಿ ಕೋರಿದ್ದ ನಿಮ್ಮ ಪ್ರಯಾಣಿಕರನ್ನು ಟಿಕಾಲ್‌ನಲ್ಲಿ ಗುಂಪು ಹಿಂತಿರುಗುವವರೆಗೆ ಪ್ರವಾಸಿ ಕೇಂದ್ರದಲ್ಲೇ ಕೂರಿಸಲಾಗಿತ್ತು, ಅಲ್ಲಿನ ವ್ಯವಸ್ಥೆ ಅನುಕೂಲಕರವಾಗಿತ್ತೇ, ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದಿತ್ತು. ಹಳೆಯ ಫಾರ್ಮ್ ತೆರೆದು ನೋಡಿದೆ. ನಾನು ತುಂಬಿದ ಪುಟ. ಚೌಕ, ಅದರೊಳಗೆ ಟಿಕ್. ನಾನು ಊಟದ ಡಬ್ಬಿ ಮುಗಿಸಿದೆ, ತೊಳೆದೆ, ಎರಡು ಗಂಟೆಯ ಮೀಟಿಂಗಿಗೆ ಹೋದೆ. ಏನೂ ಅನ್ನಿಸಲಿಲ್ಲ. ಹಲ್ಲಿನ ಡಾಕ್ಟರು ಸೂಜಿ ಕೊಟ್ಟ ಮೇಲೆ ಕೆನ್ನೆ ಇರುತ್ತದಲ್ಲ, ಹಾಗೆ.

ಆ ಭಾನುವಾರ ಅವರನ್ನೇ ಕೇಳಿದೆ. ಬಚ್ಚಿಡಲಿಲ್ಲ, ಎಲ್ಲ ಹೇಳಿದರು. ನಾನು ನಡೆಯುತ್ತೇನೆ, ಹತ್ತುತ್ತೇನೆ ಎಂದು ಗೈಡಿಗೆ ಹೇಳಿದರಂತೆ. ಅವನು ಮರ್ಯಾದೆಯಿಂದಲೇ ಪಟ್ಟಿ ತೋರಿಸಿದನಂತೆ. ಇದರಲ್ಲಿ ಹೀಗಿದೆ, ಕಾಡಿನ ದಾರಿ, ನಿಮಗೆ ಏನಾದರೂ ಆದರೆ ನನ್ನ ಲೈಸೆನ್ಸ್ ಹೋಗುತ್ತದೆ ಎಂದನಂತೆ. ಉಳಿದವರು ಬಿಸಿಲಲ್ಲಿ ಕಾಯುತ್ತಿದ್ದರು. ಅಂಕಲ್ ಹಿಂದೆ ಸರಿದರು.

"ದೇವ್ರು ವರಾ ಕೊಟ್ರೂ ಪೂಜಾರಿ ಕೊಡಲಿಲ್ಲ ನೋಡು," ಎಂದು ನಕ್ಕರು. ಆಮೇಲೆ, "ಅವನ ತಪ್ಪಿಲ್ಲವಾ. ಕಾಗದದಾಗ ಬ್ಯಾಡ ಅಂತ ಇದ್ರ ನಾನೂ ವಿಮಾನ ಬಿಡ್ತಿರಲಿಲ್ಲ," ಎಂದರು.

ಆ ಪ್ರವಾಸಿ ಕೇಂದ್ರದಲ್ಲಿ ಚಾವಣಿಯ ಕೆಳಗೆ ಟಿಕಾಲ್ ನಗರದ ದೊಡ್ಡ ಮಾದರಿಯೊಂದಿದೆಯಂತೆ. ಪ್ರತಿ ಗುಡಿ, ಪ್ರತಿ ದಾರಿ, ಎಲ್ಲ ಪುಟ್ಟದಾಗಿ. ಗುಂಪು ಕಾಡಿನೊಳಗೆ ಹೋಗಿ ಬರುವ ತನಕ ಅವರು ಅದರ ಸುತ್ತ ನಡೆದರು. ಬೆಳಗಿನಿಂದ ಮಧ್ಯಾಹ್ನದವರೆಗೆ. ನಮ್ಮ ಮೇಜಿನ ಮೇಲೆ ಬಟ್ಟಲಿನಲ್ಲಿ ಜೋಡಿಸಿದ್ದು ಅದನ್ನು.

ಅದು ನಾನು ಹಾಕಿದ ಟಿಕ್ ಎಂದು ಹೇಳಬೇಕೆಂದೇ ಹೋಗಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಅವರೇ ಅಂದರು, "ಮಗಳು ಹಾಕಿರಬೇಕು ಅದನ್ನ. ಆಕಿ ನನ್ನ ಮುದುಕನ್ನ ಮಾಡಿ ಭಾಳ ದಿನಾ ಆತು." ಹೇಳುವಾಗ ಅವರ ಮುಖ ನನ್ನ ಕಡೆಗಿತ್ತು, ಆದರೆ ನನ್ನ ಮುಖದ ಜಾಗದಲ್ಲಿ ಅವರಿಗೆ ಆಗಲೇ ಒಂದು ಮಬ್ಬು ಮಾತ್ರ ಕಾಣುತ್ತಿತ್ತು.

ನಾನು "ಹೂಂ" ಅಂದೆ. ಕಾಫಿ ಕುಡಿದು ಲೋಟ ತೊಳೆದಿಟ್ಟು ಮನೆಗೆ ಬಂದೆ.

ಇನ್ನೊಂದು ಸಲ ಹೋಗೋಣ, ಈ ಸಲ ನಾವಿಬ್ಬರೇ ಎಂದು ನಾನು ಹೇಳದೆ ಇರಲಿಲ್ಲ. ಮುಂದಿನ ಮಾರ್ಚ್ ಎಂದೆವು. ಮಾರ್ಚ್ ಬರುವಷ್ಟರಲ್ಲಿ ಅವರು ಬೆಳಗಿನ ಮೆಟ್ಟಿಲು ನಿಲ್ಲಿಸಿದ್ದರು. ಅಂಚು ಕಾಣುತ್ತಿರಲಿಲ್ಲ. ಪೋರ್ಟ್‌ಲ್ಯಾಂಡಿನಿಂದ ಮಗಳು ಬಂದಾಗ ಮೊದಲಿನಂತೆ ಬೈಗುಳ ಕೇಳಿಸುತ್ತಿರಲಿಲ್ಲ. ಬೇಲಿಯ ಈಚೆ ನಿಂತರೆ ಟಿವಿಯ ಸದ್ದು ಅಷ್ಟೇ. ನಾನು ಅದನ್ನು ಗಮನಿಸಿದೆ. ಯಾಕೆಂದೂ ಗೊತ್ತಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡೆ, ಎಷ್ಟೋ ನಾಳೆ... ನಂತರದ ಚಳಿಗಾಲದಲ್ಲಿ ಒಂದು ಬೆಳಗ್ಗೆ ಅಂಕಲ್ ನಿದ್ದೆಯಿಂದ ಏಳಲಿಲ್ಲ.

ಕಾರ್ಯದ ದಿನ ನಾನು ಕಾಫಿ ಲೋಟಗಳನ್ನು ಜೋಡಿಸುತ್ತಿದ್ದೆ. ಮಗಳು ಬಂದು ಪಕ್ಕದಲ್ಲಿ ನಿಂತು, ಕೊನೆಯ ವರ್ಷ ಅಪ್ಪ ನನ್ನ ಜೊತೆ ಹೆಚ್ಚು ಮಾತಾಡಲೇ ಇಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದಳು. "ವಯಸ್ಸಾಯ್ತಲ್ಲ ಕಣೇ, ಹಾಗಾಗುತ್ತೆ," ಎಂದೆ. ಅವರು ಬದುಕಿದ್ದಾಗ ಒಂದು, ಹೋದ ಮೇಲೆ ಒಂದು, ಎರಡು ಸುಳ್ಳು.

ಇದೆಲ್ಲ ಆಗಿ ನಾಲ್ಕು ವರ್ಷ. ಮೊನ್ನೆ ಬೂಟು ಕೊಳ್ಳದೆ ಹೊರಗೆ ಬಂದು, ಪಾರ್ಕಿಂಗಿನಲ್ಲಿ ಕಾರೊಳಗೆ ಕೂತು ಅಂಕಲ್‌ರ ಮಗಳಿಗೆ ಕಾಲ್ ಮಾಡಿದೆ. ಎಷ್ಟೋ ದಿನದ ಮೇಲೆ ಎಂದು ಅವಳು ಸಂತೋಷಪಟ್ಟಳು. ಅದಕ್ಕೆ ಅವಕಾಶ ಕೊಡದೆ ಒಂದೇ ಉಸಿರಿಗೆ ಹೇಳಿಬಿಟ್ಟೆ. ಟಿಕಾಲ್ ಫಾರ್ಮಿನಲ್ಲಿ ಗಾಲಿಕುರ್ಚಿಗೆ ಟಿಕ್ ಹಾಕಿದ್ದು ನಾನು, ನೀನಲ್ಲ. ಅಪ್ಪ ನಿನ್ನ ಹೆಸರು ಹೇಳಿದಾಗ ನಾನು ಹೂಂ ಅಂದೆ.

ಅವಳು ಸಿಟ್ಟಿಲ್ಲದೆ, ಇಂಗ್ಲಿಷಿನಲ್ಲಿ, ನಿಧಾನವಾಗಿ ಹೇಳಿದಳು. ಆ ಫಾರ್ಮಿನಲ್ಲಿ ಯಾವುದನ್ನು ಯಾರು ತುಂಬಿದರೆಂದು ಅವಳಿಗೆ ನೆನಪೇ ಇರಲಿಲ್ಲವಂತೆ. ಅಪ್ಪನಿಗೆ ಎಲ್ಲಿಗೆ ಟಿಕೆಟ್ ಮಾಡಿದರೂ ಅವಳು ಗಾಲಿಕುರ್ಚಿ ಕೇಳುತ್ತಿದ್ದಳಂತೆ. ಆದ್ದರಿಂದ ಅಪ್ಪ ಕೇಳಿದಾಗ ತಾನೇ ಇರಬೇಕೆಂದು ಒಪ್ಪಿಕೊಂಡಳಂತೆ. ಅವರ ಕ್ಷಮೆಯನ್ನೂ ಕೇಳಿದಳಂತೆ.

"ಕನ್ನಡದಾಗ ಕೇಳಿದೆ," ಎಂದಳು, ಅಪ್ಪನ ಊರಿನ ಮಾತಿನಲ್ಲೇ. "‘ತಪ್ಪಾತು ಅಪ್ಪಾ’ ಅಂತ. ಕಾರಿನ್ಯಾಗ ಪ್ರಾಕ್ಟೀಸ್ ಮಾಡ್ಕೋತ ಬಂದಿದ್ದೆ."

"ಅಂಕಲ್ ಏನಂದ್ರು?"

"ಏನೂ ಅನ್ನಲಿಲ್ಲ."

ಇಬ್ಬರೂ ಫೋನ್ ಇಡಲಿಲ್ಲ. ಎದುರಿನ ಜಾಗಕ್ಕೆ ಒಂದು ಕಾರು ಬಂದು ನಿಂತಿತು, ಅದರಲ್ಲಿದ್ದವರು ಇಳಿದು ಮಾಲಿನೊಳಗೆ ಹೋದರು. ನಾನು ಹೇಳಬೇಕಾಗಿದ್ದ ಎರಡು ಮಾತನ್ನು ತಪ್ಪೇ ಮಾಡದವಳು ಅಭ್ಯಾಸ ಮಾಡಿಕೊಂಡು ಹೋಗಿ ಹೇಳಿ ಬಂದಿದ್ದಳು. ಇನ್ನು ನಾನು ಹೇಳಿದರೂ ಕೇಳಿಸಿಕೊಳ್ಳಲು ಅಂಕಲ್ ಇಲ್ಲ.